ವಾಲ್ಯೂಮ್ ಅಲ್ಲ, ವ್ಯಂಜನ ಬೇಕು

ಕಾಲು, ಹಾಲು, ಸಾಲು, ಶಾಲು. ಈ ನಾಲ್ಕು ಪದಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ನಾಲ್ಕರಲ್ಲೂ ‘ಆಲು’ ಒಂದೇ. ಮೊದಲಿನ ವ್ಯಂಜನ ಮಾತ್ರ ಬೇರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಆ ಸದ್ದು ಕೈತಪ್ಪಿದರೆ ಹಾಲಿನ ದರದ ಸುದ್ದಿ ಶಾಲಿನ ದರದ ಸುದ್ದಿಯಾಗುತ್ತದೆ.

ಕೈಯಲ್ಲಿ ಹಿಡಿಯುವ ಪುಟ್ಟ ರೇಡಿಯೊದ ತೊಂದರೆ ಇರುವುದು ಇಲ್ಲೇ. ಸದ್ದು ಬರುತ್ತೆ, ಮಾತು ತಿಳಿಯಲ್ಲ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ, ವಾಲ್ಯೂಮ್ ಏರಿಸೋದು. ಆದರೆ ಮಾತಿನಲ್ಲಿ ಹೆಚ್ಚು ಶಕ್ತಿ ಇರುವುದು ಸ್ವರಗಳಲ್ಲಿ, ಕೆಳಗಿನ ಆವರ್ತನಗಳಲ್ಲಿ. ‘ಸ’, ‘ಶ’, ‘ತ’, ‘ಕ’ಗಳನ್ನು ಬೇರೆ ಬೇರೆ ಅಂತ ಗುರುತಿಸಲು ಬೇಕಾದ ಸುಳಿವು ಬಹುಪಾಲು 2,000 ಹರ್ಟ್ಸ್‌ನಿಂದ ಮೇಲಕ್ಕೆ ಇರುತ್ತದೆ, ಅದೂ ಬಹಳ ಮೆಲ್ಲಗೆ. ವಾಲ್ಯೂಮ್ ಗುಂಡಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಸ್ವರ, ವ್ಯಂಜನ, ಕರಕರ ಎಲ್ಲವನ್ನೂ ಒಟ್ಟಿಗೆ ಎತ್ತುತ್ತದೆ. ತೀರಾ ಏರಿಸಿದರೆ ಒಳಗಿನ ಪುಟ್ಟ ಆಂಪ್ಲಿಫೈಯರ್ ತಡೆಯಲಾರದೆ ಸದ್ದು ಒಡೆಯುತ್ತದೆ. ಮೊದಲು ಹೋಗುವುದು ಮತ್ತೆ ವ್ಯಂಜನವೇ.

ನಮ್ಮನೆಯಲ್ಲಿ ಇದು ಬರೀ ತಂತ್ರಜ್ಞಾನದ ಪ್ರಶ್ನೆ ಆಗಿರಲಿಲ್ಲ. ಅಪ್ಪ ನಿವೃತ್ತರಾದ ಮೇಲೆ ಅವರ ಬೆಳಗು ಶುರುವಾಗೋದೇ ಆಕಾಶವಾಣಿಯಿಂದ. ಸ್ಕ್ಯಾನ್ ಗುಂಡಿ ಇರುವ, ಎಫ್‌ಎಂ, ಮೀಡಿಯಂ ವೇವ್, ಶಾರ್ಟ್ ವೇವ್ ಎಲ್ಲ ಹಿಡಿಯುವ ಅಂಗೈಯಗಲದ ರಿಸೀವರ್ ಅವರದು. ವರ್ಷದಿಂದ ವರ್ಷಕ್ಕೆ ವಾಲ್ಯೂಮ್ ಏರುತ್ತಾ ಹೋಯಿತು. ಅಡುಗೆಮನೆಯಿಂದ ಅಮ್ಮ, “ರೀ, ಬೀದಿಗೆಲ್ಲ ವಾರ್ತೆ ಓದಿಸ್ತಿದೀರಲ್ರೀ!” ಅನ್ನೋರು. ಅಪ್ಪ ಕಡಿಮೆ ಮಾಡೋರು. ಕಡಿಮೆ ಮಾಡಿದರೆ ತಿಳೀತಿರಲಿಲ್ಲ. ಕೊನೆಗೆ “ಕೇಳ್ಸಲ್ಲ ಬಿಡು, ಈ ರೇಡಿಯೊನೇ ಹಾಳಾಗಿದೆ” ಅಂತ ಆಫ್ ಮಾಡಿ ಸುಮ್ಮನೆ ಕೂರತೊಡಗಿದರು. ಆ ಸುಮ್ಮನಿರುವಿಕೆ ನನಗೆ ಹಿಡಿಸಲಿಲ್ಲ. ವಾರ್ತೆ ಕೇಳದ ಮನುಷ್ಯ ಊಟದ ಹೊತ್ತಿಗೆ ಮಾತೂ ಕಡಿಮೆ ಮಾಡಿದ್ದರು.

ಹೊಸ ರೇಡಿಯೊ ತರುವುದು ಸುಲಭ. ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಿಲ್ಲದೆ ತಂದರೆ ಅದೇ ಕಥೆ ಹೊಸ ಡಬ್ಬದಲ್ಲಿ ಮುಂದುವರಿಯುತ್ತದೆ. ಗಾಳಿಯಲ್ಲಿ ಬರುವ ತರಂಗದಿಂದ ಕಿವಿಯ ತನಕ ಇರುವ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ನೋಡಿದೆವು. ನಿಮ್ಮ ಮನೆಯಲ್ಲೂ ಇಂಥದೇ ರೇಡಿಯೊ ಇದ್ದರೆ ಅದೇ ಕ್ರಮದಲ್ಲಿ ಹೋಗಿ.

ಹೆಸರು ಹುಟ್ಟಿದ ಊರು

ರೇಡಿಯೊ ಅಂದರೆ ಮೈಸೂರಿಗೆ ಸ್ವಲ್ಪ ಹೆಚ್ಚೇ ಹಕ್ಕಿದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರುಮಾಡಿದರು. ಆ ಖಾಸಗಿ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಅದೇ ಹೆಸರು ಇಡೀ ದೇಶದ ಸರ್ಕಾರಿ ರೇಡಿಯೊಗೆ ಬಂತು. ಇವತ್ತು ಯಾದವಗಿರಿಯ ಮೈಸೂರು ಆಕಾಶವಾಣಿ ಸಿಗುವುದು ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ.

ಹೊರದೇಶಗಳಲ್ಲಿ ‘ಸ್ಕ್ಯಾನರ್’ ಅಂದರೆ ಪೊಲೀಸ್, ಅಗ್ನಿಶಾಮಕದವರ ಮಾತನ್ನೂ ಹುಡುಕಿ ಕೇಳಿಸುವ ಯಂತ್ರ. ನಮ್ಮಲ್ಲಿ ಆ ದಾರಿ ಬೇಡ. ಇಲಾಖೆಗಳ ಸಂಭಾಷಣೆಗೆ ಕಿವಿಗೊಡುವುದು ಕಾನೂನಿನ ತೊಡಕು. ವಾಕಿಟಾಕಿಯಂಥ, ಮಾತು ಕಳಿಸಲೂ ಬರುವ ಸೆಟ್ಟುಗಳಿಗೆ ಪರವಾನಗಿಯ ನಿಯಮಗಳಿವೆ. ಅಗ್ಗಕ್ಕೆ ಸಿಕ್ಕಿತು ಅಂತ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ಮುನ್ನ ನಿಯಮ ನೋಡಿ. ನಿಜಕ್ಕೂ ಆಸಕ್ತಿ ಇದ್ದರೆ ಹ್ಯಾಮ್ ಪರೀಕ್ಷೆ ಬರೆದು ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಪಡೆಯಬಹುದು. ಈ ಬರಹದಲ್ಲಿ ಹೇಳುವುದು ಹೆಚ್ಚಾಗಿ ಆಕಾಶವಾಣಿ ಕೇಳುವ ರಿಸೀವರ್ ಬಗ್ಗೆ. ಹ್ಯಾಮ್‌ಗಳಿಗೆ ಬೇಕಾದ ಒಂದೆರಡು ಮಾತು ನಡುವೆ ಬರುತ್ತದೆ.

ಮೊದಲು ಅಳತೆ

ಸಾಫ್ಟ್‌ವೇರ್‌ನಲ್ಲಿ ಒಂದು ಶಿಸ್ತಿದೆ. ಬದಲಾಯಿಸುವ ಮೊದಲು ಅಳೆಯಬೇಕು, ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು. ‘ಸ್ವಲ್ಪ ಚೆನ್ನಾಗಿದೆ ಅನ್ಸುತ್ತೆ’ ಅನ್ನುವುದು ಅಳತೆ ಅಲ್ಲ.

ನಾವು ಮಾಡಿದ ಪರೀಕ್ಷೆ ಸರಳ. ವಾರ್ತೆ ಬರುವಾಗ ಅಪ್ಪ ಒಂದು ಹಾಳೆಯಲ್ಲಿ ಕೇಳಿದ ಊರಿನ ಹೆಸರು, ವ್ಯಕ್ತಿಯ ಹೆಸರು, ಸಂಖ್ಯೆಗಳನ್ನು ಬರೆದುಕೊಳ್ಳೋದು. ಅದೇ ವಾರ್ತೆಯನ್ನು ನಾನು ಇಯರ್‌ಫೋನ್‌ನಲ್ಲಿ ಕೇಳಿ ಬರೆಯೋದು. ಆಮೇಲೆ ಎರಡೂ ಹಾಳೆ ಪಕ್ಕ ಪಕ್ಕ ಇಡೋದು. ಹೆಸರು, ಸಂಖ್ಯೆಗಳೇ ಯಾಕೆ? ಉಳಿದ ಮಾತನ್ನು ಸಂದರ್ಭದಿಂದ ಊಹಿಸಬಹುದು. “ಮುಖ್ಯಮಂತ್ರಿಗಳು ಹೇಳಿ...” ಅಂತ ಕೇಳಿದರೆ “ದ್ದಾರೆ”ಯನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ‘ಹುಣಸೂರು’, ‘ಹೊಸೂರು’ ಇವುಗಳಲ್ಲಿ ಯಾವುದು ಅಂತ ತಿಳಿಯಲು ಕಿವಿಗೆ ನಿಜವಾಗಿ ಬಿದ್ದಿರಲೇಬೇಕು.

ಹ್ಯಾಮ್‌ಗಳು ಅಕ್ಷರಗಳನ್ನು ‘ಆಲ್ಫಾ, ಬ್ರಾವೊ, ಚಾರ್ಲಿ’ ಅಂತ ಬಿಡಿಸಿ ಹೇಳುವುದೂ ಇದೇ ಕಾರಣಕ್ಕೆ. ಬಿ, ಡಿ, ಪಿ, ಟಿ ಎಲ್ಲದರ ಬಾಲ ಒಂದೇ ‘ಈ’. ಕರಕರದ ನಡುವೆ ತಲೆ ಕಳೆದುಹೋಗುತ್ತದೆ.

ಸಿಗ್ನಲ್: ಜಾಗ ಬದಲಿಸಿ, ಕಾಸು ಬೇಡ

100.6 ಮೆಗಾಹರ್ಟ್ಸ್ ತರಂಗದ ಉದ್ದ ಹೆಚ್ಚೂಕಡಿಮೆ 3 ಮೀಟರ್. ಆಂಟೆನಾ ಕಡ್ಡಿ ಅದರ ಕಾಲುಭಾಗ, ಅಂದರೆ ಸುಮಾರು 75 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಅಂಗೈ ರೇಡಿಯೊಗಳ ಕಡ್ಡಿ ಸಾಮಾನ್ಯವಾಗಿ ಇದಕ್ಕಿಂತ ಗಿಡ್ಡ. ಆದ್ದರಿಂದ ಪೂರ್ತಿ ಎಳೆಯಿರಿ. ನೆಟ್ಟಗೆ, ಅಡ್ಡ, ಓರೆ ಮೂರೂ ರೀತಿ ಹಿಡಿದು ನೋಡಿ. ಇಯರ್‌ಫೋನ್ ಹಾಕಿದಾಗ ಸಿಗ್ನಲ್ ಚುರುಕಾದರೆ ಆಶ್ಚರ್ಯ ಬೇಡ. ಅನೇಕ ಪುಟ್ಟ ಸೆಟ್ಟುಗಳಲ್ಲಿ ಇಯರ್‌ಫೋನ್ ವೈರೇ ಆಂಟೆನಾ.

ಎಫ್‌ಎಂ ತರಂಗ ಹೆಚ್ಚಾಗಿ ನೇರ ದಾರಿಯಲ್ಲಿ ಸಾಗುತ್ತದೆ. ನಡುವೆ ಬೆಟ್ಟ ಬಂದರೆ ಹಿಂದೆ ನೆರಳು ಬೀಳುತ್ತದೆ. ಚಾಮುಂಡಿ ಬೆಟ್ಟ ನಗರದ ನೆಲಮಟ್ಟಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಎತ್ತರ. ಅದರ ಮರೆಯ ಬಡಾವಣೆಯಲ್ಲಿದ್ದರೆ ಕಿಟಕಿಯ ಆಯ್ಕೆ ಮುಖ್ಯ. ಕಾಂಕ್ರೀಟ್ ಗೋಡೆ, ಕಬ್ಬಿಣದ ಕಿಟಕಿ ಸರಳು, ಬೀರು, ಫ್ರಿಜ್ ಎಲ್ಲವೂ ತರಂಗವನ್ನು ತಡೆಯುತ್ತವೆ ಅಥವಾ ಪ್ರತಿಫಲಿಸುತ್ತವೆ. ನೇರ ಬಂದ ತರಂಗ, ಗೋಡೆಗೆ ಬಡಿದು ಬಂದ ತರಂಗ ಒಂದನ್ನೊಂದು ಅಳಿಸುವ ಜಾಗಗಳು ಪ್ರತಿ ಕೋಣೆಯಲ್ಲೂ ಇರುತ್ತವೆ. ಒಂದು ಮೊಳ ಪಕ್ಕಕ್ಕೆ ಸರಿಸಿದರೆ ಸಾಕು, ಮಾತು ತಿಳಿಯಾಗುವುದುಂಟು. ನಮ್ಮಲ್ಲಿ ಫ್ರಿಜ್ ಮೇಲಿದ್ದ ರೇಡಿಯೊ ಕಿಟಕಿ ಪಕ್ಕದ ಸ್ಟೂಲಿಗೆ ಬಂತು. ಮೊದಲ ದೊಡ್ಡ ಸುಧಾರಣೆ ಅದೇ.

ಪ್ರಸಾರ ಗೋಪುರಕ್ಕೆ ತೀರಾ ಹತ್ತಿರ ಇರುವವರಿಗೆ ಉಲ್ಟಾ ತೊಂದರೆ. ಸಿಗ್ನಲ್ ಅತಿಯಾಗಿ ರಿಸೀವರ್ ಉಸಿರುಗಟ್ಟುತ್ತದೆ, ಒಂದು ಕೇಂದ್ರದ ಮೇಲೆ ಇನ್ನೊಂದು ಕೇಳುತ್ತದೆ. ಆಗ ಕಡ್ಡಿ ಮಡಚಿ, ಅಥವಾ ‘ಲೋಕಲ್’ ಸ್ವಿಚ್ ಇದ್ದರೆ ಹಾಕಿ.

ಮೀಡಿಯಂ ವೇವ್‌ನಲ್ಲಿ, ಉದಾಹರಣೆಗೆ ಬೆಂಗಳೂರಿನ 612 ಕಿಲೊಹರ್ಟ್ಸ್ ಕೇಳುವಾಗ, ಈ ಕಡ್ಡಿ ಎಳೆದು ಪ್ರಯೋಜನವಿಲ್ಲ. ಅದಕ್ಕೆ ರೇಡಿಯೊ ಒಳಗೇ ಫೆರೈಟ್ ಕಡ್ಡಿ ಇರುತ್ತದೆ. ಸಾಮಾನ್ಯವಾಗಿ ಅಡ್ಡಡ್ಡ ಮಲಗಿರುತ್ತದೆ. ಇಡೀ ರೇಡಿಯೊವನ್ನೇ ನಿಧಾನವಾಗಿ ತಿರುಗಿಸಿ. ಮೈಸೂರಿಗೆ ಬೆಂಗಳೂರು ಈಶಾನ್ಯ ದಿಕ್ಕು. ರೇಡಿಯೊದ ಮುಖ ಅಥವಾ ಬೆನ್ನು ಆ ಕಡೆ ಬಂದಾಗ ಸಾಮಾನ್ಯವಾಗಿ ಸದ್ದು ಗಟ್ಟಿಯಾಗುತ್ತದೆ. ಕರಕರ ಎಬ್ಬಿಸುವ ವಸ್ತುವಿನ ಕಡೆಗೆ ರೇಡಿಯೊದ ಪಕ್ಕದ ಅಂಚು ತೋರಿಸಿದರೆ ಆ ಕರಕರ ಕುಗ್ಗುತ್ತದೆ.

ಕರಕರದ ಬೀಜ ಮನೆಯೊಳಗೇ

ಕರೆಂಟ್ ಹೋದಾಗ ರೇಡಿಯೊ ಕೇಳಿದ್ದೀರಾ? ಮೀಡಿಯಂ ವೇವ್, ಶಾರ್ಟ್ ವೇವ್‌ಗಳಲ್ಲಿ ಆಗ ಒಮ್ಮೆಲೇ ಮಂಜು ಸರಿದಂತಾಗುತ್ತದೆ. ಕಾರಣ ಸರಳ. ಇವತ್ತಿನ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಇನ್ವರ್ಟರ್, ಇಂಡಕ್ಷನ್ ಒಲೆ ಎಲ್ಲವೂ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೆಲಸ ಮಾಡುತ್ತವೆ. ಆ ಕತ್ತರಿಯ ಸದ್ದು ವೈರುಗಳ ಮೂಲಕ ಮನೆಯಿಡೀ ಹರಡುತ್ತದೆ.

ಕಳ್ಳನನ್ನು ಹಿಡಿಯಲು ಕರೆಂಟ್ ಹೋಗುವ ತನಕ ಕಾಯಬೇಕಿಲ್ಲ. ರೇಡಿಯೊವನ್ನು ಸೆಲ್ ಮೇಲೆ ಓಡಿಸಿ, ಕೇಂದ್ರಗಳ ನಡುವಿನ ಖಾಲಿ ಜಾಗಕ್ಕೆ ಟ್ಯೂನ್ ಮಾಡಿ. ಮನೆಯವರಿಗೆ ಹೇಳಿಯೇ ಮೇನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ. ಸದ್ದು ಇಳಿದರೆ ತೊಂದರೆ ನಿಮ್ಮ ಮನೆಯಲ್ಲೇ ಇದೆ. ಆಮೇಲೆ ಒಂದೊಂದೇ ಆನ್ ಮಾಡುತ್ತಾ ಬನ್ನಿ. ನಮ್ಮಲ್ಲಿ ಸಿಕ್ಕಿಬಿದ್ದಿದ್ದು ಹಾಲ್‌ನ ಒಂದು ಅಗ್ಗದ ಎಲ್‌ಇಡಿ ಬಲ್ಬ್ ಮತ್ತು ನನ್ನದೇ ಕೋಣೆಯ ಬ್ರಾಂಡಿಲ್ಲದ ಚಾರ್ಜರ್. ಬಲ್ಬ್ ಬದಲಾಯಿತು. ಬೆಳಗಿನ ಹೊತ್ತು ಚಾರ್ಜರ್ ಸಾಕೆಟ್‌ನಿಂದ ಕೆಳಗಿಳಿಯಿತು.

ಬದಲಿಸಲಾಗದ ಅಡಾಪ್ಟರ್‌ಗಳಿಗೆ ಫೆರೈಟ್ ಕ್ಲಿಪ್ ಹಾಕಬಹುದು. ಲ್ಯಾಪ್‌ಟಾಪ್ ವೈರಿನ ತುದಿಯಲ್ಲಿ ಕಾಣುವ ಕಪ್ಪು ಉರುಟು ಗಂಟು ಅದೇ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ವೈರನ್ನು ಅದರೊಳಗೆ ಎರಡು ಮೂರು ಸುತ್ತು ಹಾಯಿಸಿ ಮುಚ್ಚಿದರೆ ಪರಿಣಾಮ ಹೆಚ್ಚು. ರೇಡಿಯೊವನ್ನು ಚಾರ್ಜಿಗೆ ಹಾಕಿಕೊಂಡೇ ಕೇಳುವ ಅಭ್ಯಾಸವಿದ್ದರೆ ಬಿಡಿ. ರಾತ್ರಿ ಚಾರ್ಜ್, ಬೆಳಗ್ಗೆ ಬರೀ ಬ್ಯಾಟರಿ.

ಮೆನುವಿನಲ್ಲಿ ಅಡಗಿರುವುದು

ಇಲ್ಲಿಂದ ಮುಂದೆ ರೇಡಿಯೊದ ಸೆಟ್ಟಿಂಗ್‌ಗಳು. ಖರ್ಚಿಲ್ಲ, ಪರಿಣಾಮ ದೊಡ್ಡದು.

ಮೊದಲನೆಯದು ಮೋನೊ. ಎಫ್‌ಎಂ ಸ್ಟೀರಿಯೊ ಕೇಳಲು ಮೋನೊಗಿಂತ ತುಂಬ ಗಟ್ಟಿ ಸಿಗ್ನಲ್ ಬೇಕು. ಸಿಗ್ನಲ್ ಸೊರಗಿದಾಗ ಮೋನೊಗೆ ಹೋದರೆ ‘ಸುಂಯ್’ ಅನ್ನುವ ಹಿನ್ನೆಲೆ ಸದ್ದು ಸುಮಾರು 20 ಡೆಸಿಬೆಲ್ ಇಳಿಯಬಹುದು. ವಾರ್ತೆ ಓದುವವರು ಒಬ್ಬರೇ ತಾನೇ, ಎಡ-ಬಲ ಯಾಕೆ?

ಎರಡನೆಯದು ಎಲ್ಲರೂ ಮರೆಯುವಂಥದ್ದು. ಎಫ್‌ಎಂ ಪ್ರಸಾರದಲ್ಲಿ ಕೇಂದ್ರದವರು ಮೇಲಿನ ಆವರ್ತನಗಳನ್ನು ಬೇಕೆಂದೇ ಎತ್ತಿ ಕಳಿಸುತ್ತಾರೆ. ರಿಸೀವರ್ ಅಷ್ಟನ್ನೇ ಇಳಿಸುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ದಾರಿಯ ಸುಂಯ್ ಸದ್ದೂ ಇಳಿದುಹೋಗುತ್ತದೆ. ಇದಕ್ಕೆ ಡಿ-ಎಂಫಸಿಸ್ ಅನ್ನುತ್ತಾರೆ. ಭಾರತದಲ್ಲಿ ಇದರ ಲೆಕ್ಕ 50 ಮೈಕ್ರೊಸೆಕೆಂಡ್, ಅಮೆರಿಕದಲ್ಲಿ 75. ಅಮೆರಿಕದ ನೆಂಟರು ತಂದುಕೊಟ್ಟ ಸೆಟ್ 75ರಲ್ಲೇ ಇದ್ದರೆ ಇಲ್ಲಿ ಅದು ಮೇಲಿನ ಆವರ್ತನಗಳನ್ನು ಬೇಕಾದ್ದಕ್ಕಿಂತ ಹೆಚ್ಚಾಗಿ, 3.5 ಡೆಸಿಬೆಲ್‌ವರೆಗೆ, ಕತ್ತರಿಸುತ್ತದೆ. ‘ಸ’ ‘ಶ’ಗಳು ಕಂಬಳಿ ಹೊದ್ದಂತೆ ಕೇಳುತ್ತವೆ. ಕೆಲವು ಡಿಜಿಟಲ್ ಸೆಟ್‌ಗಳಲ್ಲಿ ಇದನ್ನು ಬದಲಿಸಬಹುದು, ಒಮ್ಮೆ ಮ್ಯಾನ್ಯುಯಲ್ ತೆರೆದು ನೋಡಿ. ಆ ಸೌಲಭ್ಯ ಇಲ್ಲದಿದ್ದರೆ ಟ್ರೆಬಲ್ ಸ್ವಲ್ಪ ಏರಿಸಿ.

ಮೂರನೆಯದು ಬ್ಯಾಂಡ್‌ವಿಡ್ತ್. ಮೀಡಿಯಂ ವೇವ್, ಶಾರ್ಟ್ ವೇವ್‌ಗಳಲ್ಲಿ 2, 3, 4, 6 ಕಿಲೊಹರ್ಟ್ಸ್ ಅಂತ ಆಯ್ಕೆಗಳಿರುತ್ತವೆ. ಕಿರಿದಾದಷ್ಟೂ ಕರಕರ ಕಡಿಮೆ, ಆದರೆ ವ್ಯಂಜನವೂ ಕಡಿಮೆ. ಕಿವಿಗೆ ಹಿತ ಅಂತ 2ಕ್ಕೆ ಇಳಿಸಿದರೆ ಹಾಲು-ಸಾಲು ಮತ್ತೆ ಒಂದಾಗುತ್ತದೆ. ಪಕ್ಕದ ಕೇಂದ್ರದ ಕಾಟ ಇಲ್ಲದಿದ್ದರೆ 4 ಅಥವಾ 6ರಲ್ಲಿಡಿ.

ಹ್ಯಾಮ್ ಲೈಸೆನ್ಸ್ ಇರುವವರಿಗೆ ಎರಡು ಮಾತು. ಪ್ರಸಾರದ ಎಫ್‌ಎಂ ತರಂಗ ಎರಡೂ ಬದಿಗೆ 75 ಕಿಲೊಹರ್ಟ್ಸ್ ತೂಗಾಡುತ್ತದೆ. 144-146 ಮೆಗಾಹರ್ಟ್ಸ್‌ನಲ್ಲಿ ಹ್ಯಾಮ್‌ಗಳು ಮಾತಾಡುವ ಎಫ್‌ಎಂ ಸಾಮಾನ್ಯವಾಗಿ 5 ಕಿಲೊಹರ್ಟ್ಸ್ ಮಾತ್ರ. ಕಿರಿದು-ಅಗಲದ ಮೋಡ್ ತಪ್ಪಿದ್ದರೆ ಒಂದೋ ಸದ್ದು ಪೀಚಲಾಗುತ್ತದೆ, ಇಲ್ಲಾಂದ್ರೆ ಒಡೆಯುತ್ತದೆ. ಎಷ್ಟೋ ಸಲ ‘ಸ್ಪೀಕರ್ ಕೆಟ್ಟಿದೆ’ ಅನ್ನುವ ದೂರಿನ ಮೂಲ ಇದು. ಸ್ಕ್ವೆಲ್ಚ್ ಬಿಗಿಯಾಗಿದ್ದರೆ ಸೊರಗಿದ ಸಿಗ್ನಲ್‌ನಲ್ಲಿ ಮಾತಿನ ತಲೆ-ಬಾಲ ತುಂಡಾಗುತ್ತದೆ. ಸುಂಯ್ ಸದ್ದು ನಿಲ್ಲುವಷ್ಟಕ್ಕೆ ಮಾತ್ರ ಬಿಗಿ ಮಾಡಿ.

ಸ್ಪೀಕರ್: ದೂರವೇ ಶತ್ರು

ಅಂಗೈ ರೇಡಿಯೊದ ಸ್ಪೀಕರ್ ಒಂದು ಬಿಸ್ಕತ್ತಿನಷ್ಟಗಲ. ಎಷ್ಟೋ ಸೆಟ್ಟುಗಳನ್ನು ಅಂಗಾತ ಮಲಗಿಸಿಯೋ, ಗೋಡೆಗೆ ಮುಖ ಮಾಡಿಯೋ ಇಟ್ಟಿರುತ್ತೇವೆ. ಮೇಲಿನ ಆವರ್ತನಗಳು ಟಾರ್ಚ್ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತವೆ. ಆದ್ದರಿಂದ ಸ್ಪೀಕರ್ ಕೇಳುವವರ ಮುಖಕ್ಕೆ ನೇರವಾಗಿ, ಕಿವಿಯ ಎತ್ತರಕ್ಕೆ ಇರಲಿ. ದೂರವನ್ನು ಅರ್ಧ ಮಾಡಿದರೆ ನೇರವಾಗಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಫ್ಯಾನಿನ ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಹಾಲ್‌ನ ಆ ತುದಿಯಲ್ಲಿ ಕೂಗಿಸುವ ಬದಲು ಕೈಗೆಟಕುವಷ್ಟು ಹತ್ತಿರ ಮೆಲ್ಲಗೆ ಹಾಕಿ. ಅಡುಗೆಮನೆಗೂ ನೆಮ್ಮದಿ.

ಹೊರಗಿನ ಸ್ಪೀಕರ್ ಸೇರಿಸುವುದಾದರೆ ಗುಡುಗುವ ಬೇಸ್ ಇರುವುದು ಬೇಡ. ಮಾತಿಗೆ ಅದು ವೈರಿ. ಟೆಲಿಫೋನಿನಲ್ಲಿ ದಶಕಗಟ್ಟಲೆ 300ರಿಂದ 3,400 ಹರ್ಟ್ಸ್ ಮಾತ್ರ ಹಾಯಿಸಿದರೂ ನಾವು ಮಾತಾಡಿಕೊಂಡೇ ಇದ್ದೆವಲ್ಲ. ಈಕ್ವಲೈಜರ್ ಇದ್ದರೆ 300ರ ಕೆಳಗೆ ಇಳಿಸಿ, 2,000ದಿಂದ 4,000 ಹರ್ಟ್ಸ್ ನಡುವೆ ತುಸು ಏರಿಸಿ. ಟೋನ್ ಸ್ವಿಚ್ ಮಾತ್ರ ಇದ್ದರೆ ‘ಮ್ಯೂಸಿಕ್’ನಿಂದ ‘ನ್ಯೂಸ್’ಗೆ ತಳ್ಳಿ. ಸ್ಪೀಕರ್ ಅನ್ನು ಚಾರ್ಜಿಗೆ ಹಾಕಿದ ಕೂಡಲೇ ‘ಗುಂಯ್’ ಅಂದರೆ ಅದನ್ನೂ ಬ್ಯಾಟರಿಯ ಮೇಲೇ ನಡೆಸಿ.

ಸೆಲ್ ಇಳಿಯುತ್ತಿದ್ದರೆ ಮಾತು ಏರಿದಾಗಲೆಲ್ಲ ಸದ್ದು ಒಡೆಯುತ್ತದೆ. ಬೇರೆಲ್ಲ ಪರೀಕ್ಷೆಗೂ ಮುನ್ನ ಹೊಸ ಸೆಲ್ ಹಾಕಿ ನೋಡುವುದು ಜಾಣತನ.

ಕೊನೆಯ ಕೊಂಡಿ ಕಿವಿ

ಇಷ್ಟೆಲ್ಲ ಆದ ಮೇಲೆ ಅಪ್ಪನ ಹಾಳೆಯಲ್ಲಿ ಹೆಸರುಗಳು ಹೆಚ್ಚಾದವು. ಆದರೂ ನನ್ನ ಹಾಳೆಗೂ ಅವರದಕ್ಕೂ ಅಂತರ ಉಳಿಯಿತು. ತಪ್ಪಿದ ಹೆಸರುಗಳನ್ನು ಸಾಲಾಗಿ ಬರೆದು ನೋಡಿದಾಗ ಒಂದು ನಮೂನೆ ಕಂಡಿತು. ಹೆಚ್ಚಿನವು ‘ಸ’, ‘ಶ’, ‘ತ’, ‘ಕ’ ಇರುವ ಕಡೆಯೇ ತಪ್ಪಿದ್ದವು. ರೇಡಿಯೊ ಈಗ ಆ ಸದ್ದುಗಳನ್ನು ಸರಿಯಾಗಿ ಕೊಡುತ್ತಿತ್ತು. ಅಂದರೆ ಉಳಿದ ಕೊಂಡಿ ಒಂದೇ.

ವಯಸ್ಸಾದಂತೆ ಕುಂದುವ ಶ್ರವಣ ಸಾಮಾನ್ಯವಾಗಿ ಮೇಲಿನ ಆವರ್ತನಗಳಿಂದ ಶುರುವಾಗುತ್ತದೆ. ಸ್ವರ ಕೇಳುತ್ತೆ, ವ್ಯಂಜನ ಜಾರುತ್ತೆ. ಅದಕ್ಕೇ ಹಿರಿಯರು “ಕೇಳಿಸ್ತು, ಆದ್ರೆ ಏನಂದ್ರು ಗೊತ್ತಾಗ್ಲಿಲ್ಲ” ಅನ್ನುವುದು. ಇನ್ನೊಂದು ವಿಚಿತ್ರವೂ ಇದೆ. ಇಂಥ ಕಿವಿಗೆ ಮೆಲ್ಲನೆಯದು ಕೇಳುವುದಿಲ್ಲ, ಜೋರಾದದ್ದು ಬೇಗ ಅಸಹನೀಯವಾಗುತ್ತದೆ. “ಜೋರಾಗಿ ಹೇಳು” ಅಂದವರೇ ಮರುಕ್ಷಣ “ಯಾಕೋ ಕಿರುಚ್ತೀಯಾ” ಅಂದರೆ ಅದು ಮುಂಗೋಪವಲ್ಲ, ಒಳಗಿವಿಯ ಸ್ಥಿತಿ. ವಾಲ್ಯೂಮ್ ಏರಿಸುವ ಪರಿಹಾರ ಇಲ್ಲೂ ಸೋಲುತ್ತದೆ.

ಮೈಸೂರಿನವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. 1960ರ ದಶಕದಲ್ಲಿ ಶುರುವಾದ, ಕೇಂದ್ರ ಆರೋಗ್ಯ ಸಚಿವಾಲಯದ ಈ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ‘ಆಕಾಶವಾಣಿ’ ಎಂಬ ಹೆಸರು ಕೊಟ್ಟ ಊರಿನಲ್ಲೇ ಅದನ್ನು ಕೇಳುವ ಕಿವಿಯನ್ನು ಪರೀಕ್ಷಿಸುವ ಜಾಗವೂ ಇದೆ.

ಅಪ್ಪ ಮೊದಲು ಒಪ್ಪಲಿಲ್ಲ. “ನಂಗೇನಾಗಿದೆ? ಕಿವುಡ ಅಂತ ಮಾಡ್ಬೇಕಾ ನನ್ನ?” ಅಂದರು. ವಾದ ಮಾಡಲಿಲ್ಲ. ಎರಡು ಹಾಳೆಗಳನ್ನೂ ಮುಂದಿಟ್ಟೆ. “ಅಪ್ಪಾ, ರೇಡಿಯೊದ ಎಲ್ಲಾ ಭಾಗನೂ ಟೆಸ್ಟ್ ಮಾಡಿದ್ವಿ. ಇದೊಂದು ಬಾಕಿ ಇದೆ. ನೋಡ್ಕೊಂಡು ಬರೋಣ ಅಷ್ಟೇ.” ಅವರು ಹಾಳೆ ನೋಡುತ್ತಾ ಸ್ವಲ್ಪ ಹೊತ್ತು ಕೂತು, “ಸೋಮವಾರ ಬೇಡ, ಮಂಗಳವಾರ ಹೋಗೋಣ” ಅಂದರು.

ಪರೀಕ್ಷೆಯಲ್ಲಿ ನೋವಿಲ್ಲ. ಮೊದಲು ಕಿವಿಯೊಳಗೆ ನೋಡುತ್ತಾರೆ. ಕೆಲವರಿಗೆ ಗಟ್ಟಿಯಾದ ಗುಗ್ಗೆ ತೆಗೆಸಿದರೇ ಅರ್ಧ ತೊಂದರೆ ಮುಗಿಯುವುದುಂಟು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ 250ರಿಂದ 8,000 ಹರ್ಟ್ಸ್‌ವರೆಗಿನ ‘ಬೀಪ್’ಗಳನ್ನು ಕೇಳಿಸುತ್ತಾರೆ. ಕೇಳಿದಾಗಲೆಲ್ಲ ಕೈ ಎತ್ತಬೇಕು ಅಥವಾ ಗುಂಡಿ ಒತ್ತಬೇಕು. ಪದಗಳನ್ನು ಕೇಳಿಸಿ ಮರಳಿ ಹೇಳಿಸುವುದೂ ಇರುತ್ತದೆ. ಅಪ್ಪನ ಗ್ರಾಫ್ ಎಡದಲ್ಲಿ ಸಮತಟ್ಟಾಗಿದ್ದು ಬಲಕ್ಕೆ ಜಾರುಬಂಡೆಯಂತೆ ಇಳಿದಿತ್ತು. ಅವರಿಗೆ ಈಗ ಶ್ರವಣ ಸಾಧನ ಇದೆ. ಒಳ್ಳೆಯ ಶ್ರವಣ ಸಾಧನ ಮಾಡುವುದೂ ನಾವು ರೇಡಿಯೊದಲ್ಲಿ ಮಾಡಲು ಹೆಣಗಿದ್ದನ್ನೇ. ಎಲ್ಲವನ್ನೂ ಜೋರು ಮಾಡದೆ, ಯಾವ ಆವರ್ತನ ಎಷ್ಟು ಕುಂದಿದೆಯೋ ಅಷ್ಟನ್ನೇ ಎತ್ತಿಕೊಡುವುದು.

ಹಾಗಂತ ಎಲ್ಲ ಮನೆಯಲ್ಲೂ ಕಥೆ ಕಿವಿಗೇ ಮುಟ್ಟಬೇಕಿಲ್ಲ. ಒಂದು ಕಿವಿ ಮಾತ್ರ ಒಮ್ಮೆಲೇ ಮಂದವಾದರೆ, ನೋವು, ಸೋರಿಕೆ, ತಲೆಸುತ್ತು ಇದ್ದರೆ ಮಾತ್ರ ರೇಡಿಯೊ ಪ್ರಯೋಗ ಪಕ್ಕಕ್ಕಿಟ್ಟು ಅವತ್ತೇ ಇಎನ್‌ಟಿ ವೈದ್ಯರನ್ನು ಕಾಣಿ.

ಫೋನ್ ಇದೆಯಲ್ಲ?

ಇದನ್ನು ನೀವು ಓದುತ್ತಿರುವುದೇ ಫೋನಿನಲ್ಲಿ. ಆಕಾಶವಾಣಿ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಸಿಗುತ್ತೆ, ಕರಕರವೂ ಇಲ್ಲ, ಇಷ್ಟು ಪಾಡು ಯಾಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನೆಟ್ ಚೆನ್ನಾಗಿದ್ದು, ಹಿರಿಯರಿಗೆ ಆ್ಯಪ್ ಒಗ್ಗಿದರೆ ಅದನ್ನೇ ಬಳಸಿ. ಆದರೆ ಕತ್ತಲಲ್ಲೂ ಕೈಗೆ ಸಿಗುವ ಒಂದು ಗುಂಡಿ, ಒಂದು ಚಕ್ರ, ಎರಡು ಸೆಲ್ ಇರುವ ಯಂತ್ರ ಯಾರನ್ನೂ ಕೇಳದೆ ಅವರೇ ಹಾಕಿಕೊಳ್ಳಬಹುದಾದದ್ದು. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ, “ಮಗಾ, ಇದು ಯಾಕೋ ತಿರುಗ್ತಾನೇ ಇದೆ ನೋಡು” ಅನ್ನಬೇಕಿಲ್ಲ.

ಟವರ್‌ಗಳು ಕೈಕೊಟ್ಟಾಗ ಉಳಿಯುವುದೂ ರೇಡಿಯೊವೇ. 2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲೇ ಇದ್ದರು. ಸಂಪರ್ಕ ಕಡಿದುಹೋದ ದ್ವೀಪಗಳ ಸುದ್ದಿಯನ್ನು ಹೊರಗೆ ತಲುಪಿಸಿದ್ದು ಅವರ ರೇಡಿಯೊ. ಅಂಥ ಹೊತ್ತಿನಲ್ಲಿ ಕಿವಿಗೆ ಬೀಳುವ ಒಂದು ಹೆಸರು, ಒಂದು ಸಂಖ್ಯೆ ತಪ್ಪಾದರೆ ಬೆಲೆ ಬೇರೆಯೇ.

ಈ ಭಾನುವಾರ ಮನೆಯ ರೇಡಿಯೊ ಕೆಳಗಿಳಿಸಿ. ಹೊಸ ಸೆಲ್, ಕಿಟಕಿ ಪಕ್ಕ, ಕಡ್ಡಿ ಪೂರ್ತಿ, ಮೋನೊ, ಸ್ಪೀಕರ್ ಮುಖದ ಕಡೆ. ಹತ್ತು ನಿಮಿಷದ ಕೆಲಸ. ಆಮೇಲೆ ಅಪ್ಪನಿಗೋ, ಅಜ್ಜಿಗೋ ಒಂದು ಹಾಳೆ, ಒಂದು ಪೆನ್ನು ಕೊಟ್ಟು ಪಕ್ಕದಲ್ಲಿ ಕೂತು ನೀವೂ ವಾರ್ತೆ ಬರೆದುಕೊಳ್ಳಿ. ಎರಡು ಹಾಳೆ ಹೋಲಿಸಿದರೆ ಮುಂದೆ ಯಾವ ಅಂಗಡಿಗೆ ಹೋಗಬೇಕು, ಅಥವಾ ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದು ಗೊತ್ತಾಗುತ್ತದೆ.